ಬಳ್ಳಾರಿಯಲ್ಲೇ ಸಿಗಲಿ ಈ ಡ್ರಿಪ್

ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ದೇಹ ಕಾಯಬೇಕಾದ ರೋಗನಿರೋಧಕ ಕೋಶಗಳೇ ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಯ ಮೇಲೆ ಎರಗುತ್ತವೆ. ಕಣ್ಣು ಮಂಜಾಗುತ್ತದೆ, ಕಾಲು ಜೋಮು ಹಿಡಿಯುತ್ತದೆ. ಹಲವರಲ್ಲಿ ರೋಗ ವಾಸಿಯಾದಂತೆ ಕಂಡು ಮತ್ತೆ ಮರುಕಳಿಸುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಡ್ರಿಪ್ ಮೂಲಕ ಕೊಡುವ ರಿಟುಕ್ಸಿಮ್ಯಾಬ್ ಔಷಧಿ, ಈ ರೋಗನಿರೋಧಕ ಪಡೆಯಲ್ಲಿ ಸಿಡಿ20 ಗುರುತು ಹೊತ್ತ ಬಿ ಕೋಶಗಳನ್ನು ಹುಡುಕಿ ಅಳಿಸುತ್ತದೆ. ಅವುಗಳ ಕುಮ್ಮಕ್ಕು ತಪ್ಪಿದರೆ ಟಿ ಕೋಶಗಳ ಆರ್ಭಟವೂ ತಗ್ಗುತ್ತದೆ. ಸೋಂಕಿನ ಅಪಾಯ ಇದ್ದೇ ಇದೆ. ಹಾಗಾಗಿ ಹೆಪಟೈಟಿಸ್ ಬಿ ಪರೀಕ್ಷೆ ಮೊದಲೇ ಆಗಬೇಕು.

2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ರಿಟುಕ್ಸಿಮ್ಯಾಬ್ ಅನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲೂ ಈ ರೋಗದ ಹೆಸರಿದೆ. ಕೌಲ್ ಬಜಾರ್, ಸಿರುಗುಪ್ಪ, ಕುರುಗೋಡಿನ ರೋಗಿಗಳು ಪ್ರತಿ ಡೋಸಿಗೂ ಸುಮಾರು 300 ಕಿ.ಮೀ. ದೂರದ ಬೆಂಗಳೂರಿಗೆ ಅಲೆಯುವಂತಾಗಬಾರದು. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೇ ಈ ಔಷಧಿ ತಪ್ಪದೆ ಸಿಗುವಂತೆ ಆರೋಗ್ಯ ಸಚಿವರು ನೋಡಿಕೊಳ್ಳಬೇಕು.