ಹಾಡು ನಾಕು, ದಾರಿ ಹೆಚ್ಚು

ದೀಪಾವಳಿ ಆದಮ್ಯಾಲ ಕುಷ್ಟಗಿಯೊಳಗ ನಮ್ಮ ಮೈದುನನ ಹೊಸ ಮನಿ ಪ್ರವೇಶ ಇತ್ತು. ರಾತ್ರಿಗೆ ಡಿಜೆ ಬ್ಯಾಡ, ಯಾರರ ಹಾಡವ್ರನ್ನ ಕರಸೋಣು ಅಂತ ನಾನ ಹಠ ಹಿಡದೆ. ಗಂಗಾವತಿ ಆಚಿಕಡಿ ಹಳ್ಳಿದೊಂದು ಮ್ಯಾಳದವರ ನಂಬರ್ ನನ್ನ ಹತ್ರ ಇತ್ತು. ಫೋನ್ ಹಚ್ಚಿದೆ. ಐದು ಮಂದಿ ಬರ್ತೀವಿ, ಹನ್ನೆರಡು ಸಾವಿರ ಆಗ್ತೈತಿ ಅಂದ್ರು.

“ಏನ್ರೀ, ನಾಕು ಹಾಡಿಗೆ ಹನ್ನೆರಡು ಸಾವಿರನಾ?” ಅಂದೆ.

ಆ ಕಡಿಂದ ಆ ಮನಷ್ಯಾ ಸಿಟ್ಟು ಮಾಡ್ಕೊಳ್ಳಲಿಲ್ಲ. “ಅಕ್ಕಾರ, ಹಾಡು ನಾಕ ಅದಾವ್ರಿ, ದಾರಿ ಹೆಚ್ಚೈತ್ರಿ” ಅಂದ.

ಆದ್ರೂ ನಾನು ಬಿಡಲಿಲ್ಲ. ಸಂತ್ಯಾಗ ಬದ್ನಿಕಾಯಿ ಚೌಕಾಸಿ ಮಾಡಿದಂಗ ಮಾಡಿ ಏಳು ಸಾವಿರಕ್ಕ ತಂದೆ. ಮ್ಯಾಲ “ಶಾಲು ಹೊದಿಸಿ ಸನ್ಮಾನಾನೂ ಮಾಡ್ತೀವಿ, ಹತ್ತು ಮಂದಿಗೆ ನಿಮ್ಮ ಹೆಸರು ಗೊತ್ತಾಗ್ತೈತಿ” ಅಂತ ಬ್ಯಾರೆ ಹೇಳಿದೆ. ಐದು ಸಾವಿರ ಉಳಿಸಿದೆ ಅಂತ ಮನಿಮಂದಿ ಮುಂದ ಬೀಗಿದ್ದೂ ಹೌದು. ಸುಳ್ಳು ಯಾಕ ಹೇಳ್ಲಿ.

ಅವತ್ತು ಪೆಂಡಾಲಿನವ ಎಷ್ಟು ಕೇಳಿದನೋ ಅಷ್ಟು ಕೊಟ್ಟಿದ್ವಿ. ಅಡಿಗಿಯವರಿಗೆ ತಲಿಗೆ ಇಷ್ಟು ಅಂತ ಎಣಿಸಿ ಕೊಟ್ವಿ. ಹೂವಿನ ಅಲಂಕಾರದವ ಬಾಗಿಲಿಗೆ ಕಟ್ಟಿದ ಹೂವು ಮಧ್ಯಾಹ್ನಕ್ಕ ಬಾಡಿದ್ವು, ಅವಂಗೂ ಒಂದು ಮಾತು ಅನ್ನಲಿಲ್ಲ. ಆ ಮನಿಗೆ ಕಲ್ಲು ಇಟ್ಟ ಮಿಸ್ತ್ರಿಗೆ ದಿನಕ್ಕ ಸಾವಿರದಂಗ ಪಗಾರ ಕೊಟ್ಟಾರ. ಚೌಕಾಸಿ ಮಾಡಿದ್ದು ಹಾಡವ್ರ ಹತ್ರ ಒಬ್ಬರ ಹತ್ರನ.

ಏಳು ಸಾವಿರದಾಗ ಬಾಡಿಗಿ ಗಾಡಿ ಹೊಂದಲಿಲ್ಲ ಅಂತ ತಾವರಗೇರಿ ಮ್ಯಾಲಿನ ಬಸ್ಸಿಗೆ ಬಂದ್ರು. ಮೂರು ಮಂದಿ ಹೆಣ್ಮಕ್ಕಳು ಇದ್ರು, ಅವರಿಗರ ಟಿಕೀಟು ಇರಲಿಲ್ಲ, ಅದೊಂದು ಪುಣ್ಯ. ರಾತ್ರಿ ಒಂಬತ್ತಕ್ಕ ಶುರು ಆತು, ಒಂದು ಗಂಟೆಗೆ ಮುಗೀತು. ಮ್ಯಾಳದ ಹಿರೇ ಹೆಣಮಗಳು ಅರವತ್ತು ದಾಟಿದಾಕಿ. ಆಕಿ ದನಿ ಎತ್ತಿದ್ರ ಮೈಕು ಬೇಕಾಗಿರಲಿಲ್ಲ. ಮುಗಿಯೂತ್ಲೆ ಶಾಲು ಹೊದಿಸಿದ್ವಿ, ಫೋಟೋ ತಗೊಂಡ್ವಿ, ಎಲ್ಲಾರೂ ಒಳಗ ಹೋಗಿ ಮಕ್ಕೊಂಡ್ವಿ. ಅವರು ಎಲ್ಲಿ ಮಕ್ಕೋತಾರ ಅಂತ ಯಾರೂ ಕೇಳಲಿಲ್ಲ. ನಸುಕಿನ್ಯಾಗ ನಾನು ಬಾಗಿಲು ತಗದ್ರ ಐದೂ ಮಂದಿ ಕಟ್ಟಿ ಮ್ಯಾಲ ಮುದುಡಿಕೊಂಡು ಮಲಗಿದ್ರು. ಹೊದ್ದಿದ್ದು ನಾವು ಹೊದಿಸಿದ ಶಾಲ. ಅದು ಸನ್ಮಾನದ ಶಾಲು, ಥಂಡಿ ತಡಿಯೋದಲ್ಲ.

ಅವತ್ತಿಂದ ನನಗ ಈ ವಿಷಯ ಒಳಗೊಳಗ ಕೊರಿಯಾಕತ್ತೈತಿ. ಅದಕ್ಕ ಬರಿಯಾಕ ಕುಂತೀನಿ.

ನಾನು ಹುಟ್ಟಿದ್ದು ಯಲಬುರ್ಗಾ ಸೀಮ್ಯಾಗ, ಕೊಟ್ಟಿದ್ದು ಗಂಗಾವತಿಗೆ. ಅಲ್ಲಿ ಜ್ವಾಳ, ಇಲ್ಲಿ ನೆಲ್ಲು. ನಾ ಸಣ್ಣಾಕಿ ಇದ್ದಾಗ ಸುಗ್ಗಿ ಮುಗಿಯೂತ್ಲೆ ನಮ್ಮ ಓಣಿಗೆ ಹಾಡವ್ರು ಬರೋರು. ಹೆಳವರು ಎತ್ತಿನ ಮ್ಯಾಲ ಬಂದು ನಮ್ಮ ಮುತ್ತ್ಯಾನ ಮುತ್ತ್ಯಾನ ಹೆಸರು ಹೇಳೋರು. ಚೌಡಿಕಿ ಹಿಡಕೊಂಡು ಜೋಗತೇರು ಬರೋರು. ಬುಡಗ ಜಂಗಮರ ಹೆಣ್ಮಕ್ಕಳು ಬಂದು ಕಥಿ ಹಾಡೋರು. ನಮ್ಮಮ್ಮ, ಅಂದ್ರ ಅಪ್ಪನ ತಾಯಿ, ಮರದಾಗ ಜ್ವಾಳ ತಂದು ಸುರಿಯಾಕಿ. ಈಗ ಇದನ್ನ ನೆನಸಿಕೊಂಡು “ಆಹಾ, ಆ ಕಾಲ” ಅನ್ನೋರು ಭಾಳ ಮಂದಿ ಅದಾರ. ನಾ ಅನ್ನಂಗಿಲ್ಲ. ನಮ್ಮಮ್ಮ ಜ್ವಾಳ ಸುರೀತಿದ್ದದ್ದು ಮ್ಯಾಲಿಂದ, ಅವರ ಸೆರಗು ನಮ್ಮ ಮರಕ್ಕ ತಾಗದಂಗ. ಕಟ್ಟಿ ಕೆಳಗ ನಿಂತು ಹಾಡಬೇಕು, ಪಡಸಾಲಿಗೆ ಕಾಲಿಡಂಗಿಲ್ಲ. ಜ್ವಾಳ ಕೊಟ್ಟದ್ದು ಖರೆ, ಅದನ್ನ ಭಿಕ್ಷೆ ಅಂತ ಕೊಟ್ಟದ್ದೂ ಖರೆ. ಹಾಡಿಗೆ ಪಗಾರ ಅನ್ನೋ ಮಾತು ಅವತ್ತೂ ಇರಲಿಲ್ಲ, ಇವತ್ತೂ ನಮ್ಮ ಬಾಯಿಗೆ ಬರವಲ್ದು. ನಡುವ ಆಗಿದ್ದು ಏನಂದ್ರ ಜ್ವಾಳ ಹೋಗಿ ಶಾಲು ಬಂತು. ಜ್ವಾಳರ ರೊಟ್ಟಿ ಆಗ್ತಿತ್ತು.

ಹಿಂಗ ಮನಿ ಮನಿ ಬಾಗಿಲಿಗೆ ಹಾಡಕೊಂತ ಬೆಳದ ಹೆಣಮಗಳೊಬ್ಬಾಕಿ ನಮ್ಮ ಗಂಗಾವತಿಯಿಂದ ಹೊಳಿ ದಾಟಿದ್ರ ಇದ್ಲು. ಕಂಪ್ಲಿ ಹಾದು ಹೋದ್ರ ಸಂಡೂರು ತಾಲೂಕಿನ ದರೋಜಿ. ಈಗಿನವರಿಗೆ ದರೋಜಿ ಅಂದ್ರ ಕರಡಿಧಾಮ. ನನಗ ದರೋಜಿ ಅಂದ್ರ ಬುರ್ರಕಥಾ ಈರಮ್ಮ. 1930ರಾಗ ಹುಟ್ಟಿದಾಕಿ, ಬುಡಗ ಜಂಗಮರ ಅಲೆಮಾರಿ ಮನಿತನ. ಅಪ್ಪನ ಕಡಿಂದ ಕಥಿ ಕಲ್ತಾಕಿ. ಅಕ್ಷರ ಗೊತ್ತಿಲ್ಲ. ಆ ಮಂದಿದು ಮನಿ ಮಾತು ತೆಲುಗು, ಊರು ಮಂದಿ ಮುಂದ ಹಾಡೋದು ಕನ್ನಡ. ಕೂಡಿ ಹಾಡೋರು ಮನಿ ಹೆಣ್ಮಕ್ಕಳ. ಒಬ್ಬಾಕಿ ನಡುವ ನಿಂತು ಕಥಿ ಹೇಳಬೇಕು, ಆಜೂಬಾಜು ಇದ್ದವರು ಬುರ್ರ ಬಾರಿಸಿ ಸೊಲ್ಲು ಎತ್ಕೋಬೇಕು. ನಡುವ ಕಥಿ ಹೇಳೋಕಿಗೆ ಉಸಿರು ಬಿಡಾಕ ಸಿಗೋದು ಆ ಸೊಲ್ಲಿನಾಗ. ಅಷ್ಟರಾಗ ಮುಂದಿನ ಸಾಲು ಕಟ್ಟಬೇಕು.

ಇಲ್ಲೊಂದು ಮಾತು. ನಮ್ಮ ಮಂದಿ “ಅಕಿ ಹಾಡಾಕಿ, ಬರದಾಕಿ ಅಲ್ಲ” ಅಂತಾರ. ಪೆನ್ನು ಹಿಡದ್ರ ಅಷ್ಟ ಕವಿ ಅಂತ ನಾವು ಸಾಲ್ಯಾಗ ಕಲ್ತದ್ದು. ಆದ್ರ ಹನ್ನೆರಡು ಮಹಾಕಾವ್ಯ ಯಾರರ ಬಾಯಿಪಾಠ ಮಾಡಿ ಒಪ್ಪಸ್ತಾರೇನು? ಇಂಥವರು ಕಥಿ ಎಲುಬನ್ನ ನೆನಪಿನಾಗ ಇಟ್ಕೊಂಡಿರ್ತಾರ, ಮಾಂಸ ತುಂಬೋದು ಅವತ್ತಿನ ರಾತ್ರಿ, ಅವತ್ತು ಕುಂತ ಮಂದಿ ಮಾರಿ ನೋಡಿ. ಮಂದಿ ತೂಕಡಿಸಿದ್ರ ಕಥಿ ಮೊಟಕು ಆಗ್ತೈತಿ, ಹೆಣ್ಮಕ್ಕಳು ಕಣ್ಣೀರು ತಗದ್ರ ಅದ ಜಾಗಾದಾಗ ಇನ್ನೂ ಹತ್ತು ಸೊಲ್ಲು ಬೆಳೀತೈತಿ. ಈರಮ್ಮ ಹಾಡಿದ ಕುಮಾರರಾಮ ಯಾರಂವ? ನಮ್ಮ ಗಂಗಾವತಿ ತಾಲೂಕಿನ ಜಬ್ಬಲಗುಡ್ಡದ ಹತ್ರ ಕುಮ್ಮಟದುರ್ಗ ಐತೆಲ್ಲ, ಅಲ್ಲಿಯ ದೊರಿ ಮಗ. 1327ರ ಸುಮಾರಿಗೆ ದಿಲ್ಲಿ ತುಘಲಕನ ದಂಡು ಬಂದಾಗ ಹಾಳಾದ ರಾಜ್ಯ ಅದು. ಮಲತಾಯಿ ರತ್ನಾಜಿ ಕಣ್ಣು ಹಾಕಿದ ಕಥಿ ನಮ್ಮಮ್ಮನೂ ಹೇಳ್ತಿದ್ಲು. ಆ ಕೋಟಿ ಕಲ್ಲು ಬಿದ್ದು ಏಳುನೂರು ವರ್ಷ ಆಗಾಕ ಬಂತು, ಅದರ ಸುದ್ದಿ ಓಣಿ ಹೆಣ್ಮಕ್ಕಳ ತನಕ ತಂದು ಮುಟ್ಟಿಸಿದ್ದು ಈ ಬಾಗಿಲಿಗೆ ಬಂದ ಹಾಡವ್ರು.

ಹಂಪಿ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ್ದು 1991ರಾಗ. ಅಷ್ಟೊತ್ತಿಗೆ ಈರಮ್ಮಗ ಅರವತ್ತು ದಾಟಿತ್ತು. ಆಕಿ ಹಾಡಿದ್ದನ್ನ ಬರಸಿ ಪುಸ್ತಕ ಮಾಡಿದ್ರು. 1999ರಾಗ ರಾಜ್ಯೋತ್ಸವ ಪ್ರಶಸ್ತಿ, 2003ರಾಗ ನಾಡೋಜ. 2014ರ ಆಗಸ್ಟ್ 12ಕ್ಕ ತೀರಿಕೊಂಡ್ಲು. ಬೆರಳು ಮಡಚಿ ಲೆಕ್ಕ ಹಾಕ್ರಿ. ದೊಡ್ಡ ಮನ್ನಣೆ ಬಂದದ್ದು ಕಡೀ ಹದಿನೈದು ವರ್ಷದಾಗ. ಅದಕ್ಕ ಮೊದಲಿನ ಐವತ್ತು ವರ್ಷ? ಆ ಐವತ್ತು ವರ್ಷ ಊರೂರು ತಿರುಗಿ ಹಾಡಾಕಿ ಗಂಟಲು ಕಾಯ್ದದ್ದು ಸರಕಾರ ಅಲ್ಲ, ನಮ್ಮಂಥ ಮನಿಗೋಳು. ಕಾಯದ ಬಿಟ್ಟದ್ದೂ ನಾವ.

ಈಗಷ್ಟ ನಮ್ಮ ಕೊಪ್ಪಳ ಜಿಲ್ಲಾದಾಗ ಇನ್ನೊಂದು ಆತು. ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಾಗ ಪದ್ಮಶ್ರೀ ಬಂತು. ತೊಗಲುಗೊಂಬಿ ಆಡಿಸಿಕೊಂತ ರಾಮಾಯಣ ಮಹಾಭಾರತ ಹಾಡಿದಾಕಿ, ಹನ್ನೆರಡಕ್ಕಿಂತ ಹೆಚ್ಚು ದೇಶ ತಿರುಗಿ ಬಂದಾಕಿ. ಟಿವಿ ನೋಡಿ ನಾವೆಲ್ಲಾ ಚಪ್ಪಾಳಿ ಹೊಡದ್ವಿ, ವಾಟ್ಸಾಪಿನಾಗ ಫೋಟೋ ಹಾಕಿದ್ವಿ, ನಾನೂ ಹಾಕೀನಿ. ಪದ್ಮಶ್ರೀ ಬಂದಾಗ ಅವರ ವಯಸ್ಸು 96. ಖುಷಿ ಪಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನೀವು ನಿಮ್ಮ ಓಣ್ಯಾಗ ಕಡಿಗೆ ಯಾವಾಗ ತೊಗಲುಗೊಂಬಿ ಆಟ ಕಟ್ಟಿಸಿದ್ರಿ, ಹೇಳ್ರಿ. ನಾನಂತೂ ಒಮ್ಮೆನೂ ಕಟ್ಟಿಸಿಲ್ಲ.

ಬೆಂಗಳೂರಾಗಿರೋ ನನ್ನ ಮಗ ಒಂದು ವಿಡಿಯೋ ಕಳಿಸಿದ್ದ. ಅಮೆರಿಕಾದ ಮುದುಕಿ, ಎಲಿಜಬೆತ್ ಕಾಟನ್ ಅಂತ, ಗಿಟಾರ್ ತಲಿಕೆಳಗ ಮಾಡಿ ಎಡಗೈಲಿ ಬಾರಸ್ತಾಳ. ಬ್ಲೂಸ್ ಅಂತ ಒಂದು ಧಾಟಿ ಐತಂತ, ಅಲ್ಲಿಯ ಕಪ್ಪು ಮಂದಿ ಕೂಲಿ ಮಾಡಿಕೊಂತ, ನೋವು ಉಂಡುಕೊಂತ ಕಟ್ಟಿದ್ದು. ಈಕಿ ನಾರ್ತ್ ಕ್ಯಾರೊಲಿನಾದಾಗ ಹುಟ್ಟಿ, ಹುಡಿಗಿ ಇದ್ದಾಗನ ಸ್ವಂತ ಹಾಡು ಕಟ್ಟಿದಾಕಿ. ಆಮ್ಯಾಲ ಮದುವಿ, ಮಗಳು, ಮಂದಿ ಮನಿ ಕೆಲಸ. ಎಷ್ಟೋ ವರ್ಷ ಗಿಟಾರೇ ಮುಟ್ಟಲಿಲ್ಲ. ಒಂದಿನ ಅಂಗಡ್ಯಾಗ ತಪ್ಪಿಸಿಕೊಂಡ ಕೂಸನ್ನ ತಾಯಿಗೆ ಒಪ್ಪಿಸಿದ್ಲು. ಅದು ಸೀಗರ್ ಅನ್ನೋ ಸಂಗೀತಗಾರರ ಮನಿ ಕೂಸು. ಅವರ ಮನ್ಯಾಗ ಕೆಲಸಕ್ಕ ಸೇರಿದ್ಲು. ಗ್ವಾಡಿಗೆ ಹಾಕಿದ ಗಿಟಾರು ಇಳಿಸಿ ಬಾರಿಸಿದಾಗ ಮನಿಮಂದಿಗೆ ಗೊತ್ತಾತು. ಅರವತ್ತರ ಮ್ಯಾಲ ಊರೂರು ತಿರುಗಿ ಹಾಡಾಕತ್ತಿದ್ಲು. ನಡುವ ಆಕಿ ಹುಡಿಗಿ ಇದ್ದಾಗ ಕಟ್ಟಿದ ಹಾಡನ್ನ ಇಂಗ್ಲೆಂಡಿನಾಗ ಬ್ಯಾರೆಯವರು ತಮ್ಮ ಹೆಸರಿಗೆ ಮಾಡ್ಕೊಂಡಿದ್ರು, ಹೊಡದಾಡಿ ಹೆಸರು ತಿರುಗಿ ಪಡಕೊಂಡ್ಲು. ತೊಂಬತ್ತರ ಸುಮಾರಿಗೆ, 1985ರಾಗ, ಗ್ರ್ಯಾಮಿ ಪ್ರಶಸ್ತಿ.

ಇಷ್ಟು ಓದಿದ್ರ ಈರಮ್ಮನ ಕಥಿನ ಅಂತ ಅನಸ್ತೈತಿ, ಅಲ್ಲೇನ್ರಿ? ಒಂದು ಕಡಿ ಮಾತ್ರ ಬ್ಯಾರೆ. ಆ ಕಾಟನ್ ಮುದುಕಿ ತಿರುಗಿ ಹಾಡಿದ ದುಡ್ಡು ಕೂಡಿಸಿ ಸಿರಾಕ್ಯೂಸ್ ಅನ್ನೋ ಊರಾಗ ಸ್ವಂತ ಮನಿ ತಗೊಂಡ್ಲಂತ. ಮೊಮ್ಮಕ್ಕಳನ್ನ ಕರಕೊಂಡು ಅಲ್ಲಿ ಇದ್ಲಂತ. ಟಿಕೀಟು ತಗೊಂಡು ಕೇಳಿದ ಮಂದಿ ಕೊಟ್ಟ ದುಡ್ಡು ಅದು. ಆ ಸಾಲು ಓದಿದಾಗ ನನಗ ನೆನಪಾದದ್ದು ಮೈದುನನ ಮನಿ ಕಟ್ಟಿ ಮ್ಯಾಲ ಮಲಗಿದ್ದ ಐದು ಮಂದಿ.

ನಮ್ಮ ಮನ್ಯಾಗ ಇದನ್ನ ಹೇಳಿದ್ರ ಇಬ್ಬರು ಎರಡು ಥರ ಅಂದ್ರು. ನಮ್ಮ ಯಜಮಾನರು, “ಮೈದುನನೂ ಸಾಲ ಮಾಡಿ ಮನಿ ಕಟ್ಟ್ಯಾನ, ಎಲ್ಲಾರಿಗೂ ಕೇಳಿದಷ್ಟು ಕೊಡಾಕ ಆಕ್ಕೈತೇನು” ಅಂದ್ರು. ಖರೆ. ಆದ್ರ ಸಾಲದಾಗೂ ಹೂವಿನವಂಗ ಕೊಟ್ಟೀವಲ್ಲ. ಕೊಡಾಕ ಇಲ್ಲಂದ್ರ ಎರಡು ಮಂದಿನ ಕರೀರಿ, ಐದು ಮಂದಿ ಕರಸಿ ಎರಡು ಮಂದಿ ಪಗಾರ ಕೊಡಬ್ಯಾಡ್ರಿ. ನಾದಿನಿ ಅಂದದ್ದು ಇನ್ನೂ ಮಜಾ: “ರೊಕ್ಕ ಕೇಳಿದ್ರ ಅದೆಂಥಾ ಜನಪದ, ವೈನಿ?” ಜನಪದ ಅಂದ್ರ ಪುಕ್ಕಟೆ ಅಂತ ಆಕಿಗೆ ಯಾರು ಹೇಳಿದ್ರೋ. ಬಡಿಗ್ಯಾ ಬಾಗಿಲಾ ಕೆತ್ತೋದು ಅಪ್ಪನ ಕಡಿಂದ ಕಲ್ತದ್ದು, ಅದೂ ಪರಂಪರಾನ, ಅಂವಗ ಕೂಲಿ ಕೊಡ್ತೀವೋ ಇಲ್ಲೋ?

ಸರಕಾರದ ಮಾಸಾಶನ, ಅಕಾಡೆಮಿ, ಉತ್ಸವ ಇವನ್ನೆಲ್ಲಾ ಬೈಯೋರು ಬೈತಿರ್ತಾರ, ನಾ ಅದಕ್ಕ ಹೋಗಂಗಿಲ್ಲ. ನನ್ನ ಕೈಯಾಗಿರೋದು ನನ್ನ ಮನಿ ಕಾರ್ಯ. ಹಾಡವ್ರನ್ನ ಕರದ್ರ ದಾರಿ ಖರ್ಚು ಬ್ಯಾರೆ ಕೊಡಬೇಕು, ಅರ್ಧ ದುಡ್ಡು ಮೊದಲ ಕಳಸಬೇಕು. ಹಾಡೋಕಿಂತ ಮೊದಲ ಊಟಕ್ಕ ನಮ್ಮ ಸಾಲಿನಾಗ ಕುಂದ್ರಸಬೇಕು, ಎಲ್ಲಾರದೂ ಆದಮ್ಯಾಲ ಉಳಿದ ಹುಗ್ಗಿ ಅಲ್ಲ. ರಾತ್ರಿ ಮುಗದ್ರ ಒಳಗ ಹಾಸಿಗಿ ಹಾಸಬೇಕು. ಇದು ಏನು ದೊಡ್ಡ ಮಾತು? ಬೀಗರಿಗೆ ಮಾಡೋದಿಲ್ಲೇನು.

ಅವತ್ತು ನಸುಕಿನ್ಯಾಗ ನಾನು ಚಾ ಮಾಡಿ ಒಯ್ದೆ. ನಮ್ಮವ್ವ ಎದ್ದು ಬಂದು ಒಂದು ಚೀಲದಾಗ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಲು. ಆ ಹಿರೇ ಹೆಣಮಗಳಿಗೆ, “ಯಕ್ಕಾ, ನಿನ್ನಿ ಹಾಡಿದ್ದು ಭಾಳ ಚೊಲೊ ಇತ್ತು” ಅಂದೆ. ಆಕಿ ಚಾ ಊದಿಕೊಂತ ಅಂದ್ಲು, “ಅವೆಲ್ಲಾ ಚೂರುಪಾರು ಯವ್ವ. ನಮ್ಮವ್ವ ಕಲಿಸಿದ ಕಥಿ ಮೂರು ರಾತ್ರಿದು ಐತಿ. ಈಗ ಎಲ್ಲಾರೂ ಹತ್ತು ನಿಮಿಷದ್ದು ಕೇಳ್ತಾರ. ಪೂರಾ ಹಾಡಿ ಹನ್ನೊಂದು ವರ್ಷ ಆತು, ನಡುವಿನ ಸೊಲ್ಲು ಮರಿಯಾಕತ್ತಾವ.”

ಐದೂವರಿ ಬಸ್ಸಿಗೆ ಹೋದ್ರು. ಉಳಿದ ಐದು ಸಾವಿರ ಮರುದಿನ ಫೋನ್‌ಪೇ ಮಾಡಿದೆ. ಅವರ ತಮ್ಮ ಫೋನ್ ಹಚ್ಚಿ, “ಅಕ್ಕಾರ, ತಪ್ಪಿ ಬಂದಾವ್ರಿ ರೊಕ್ಕ, ತಿರುಗಿ ಹಾಕ್ತೀನಿ” ಅಂದ. ತಪ್ಪಿ ಅಲ್ಲ ಅಂತ ತಿಳಿಸಿ ಹೇಳಾಕ ನನಗ ಹೊತ್ತು ಹಿಡೀತು. ಬರೋ ಶ್ರಾವಣದಾಗ ಗಂಗಾವತಿ ನಮ್ಮ ಮನಿಗೆ ಮೂರು ರಾತ್ರಿಗೆ ಬರ್ರಿ, ಪೂರಾ ಕಥಿ ಬೇಕು ಅಂದೀನಿ. ಏನು ಕೊಡಬೇಕು ಅಂತ ನೀವ ಹೇಳ್ರಿ ಅಂದ್ರ, “ಅಕ್ಕನ್ನ ಕೇಳಿ ಹೇಳ್ತೀನ್ರಿ” ಅಂದ. ಇನ್ನೂ ಹೇಳಿಲ್ಲ. ಮೂರು ರಾತ್ರಿ ಕುಂದ್ರಾಕ ಮಂದಿ ಹುಡುಕಬೇಕು. ಓಣ್ಯಾಗ ಕೇಳಿದ್ರ ಇಲ್ಲಿತನ ನಾಕು ಮಂದಿ ಹ್ಞೂಂ ಅಂದಾರ, ಅದರಾಗ ಇಬ್ಬರಿಗೆ ಕಿವಿ ಮಂದ.