ಕೊಂದ ಕೈ ಯಾರದು?

ಯುದ್ಧ ಎಂದೊಡನೆ ಕುದುರೆ, ಕತ್ತಿ, ಎದುರಿಗೆ ನಿಂತ ವೈರಿ ನಮ್ಮ ಕಣ್ಣಿಗೆ ಕಟ್ಟುತ್ತವೆ. ನಮ್ಮೂರುಗಳ ವೀರಗಲ್ಲುಗಳ ಮೇಲೆ ಕೆತ್ತಿರುವುದೂ ಅದನ್ನೇ. ಆ ಬಗೆಯ ಯುದ್ಧ ಮುಗಿದು ನೂರು ವರ್ಷಗಳೇ ಕಳೆದಿವೆ. ಕಾರ್ಖಾನೆ, ರೈಲು, ತಂತಿ, ರಸಾಯನಶಾಸ್ತ್ರಗಳು ರಣರಂಗಕ್ಕೆ ಇಳಿದ ಮೇಲೆ ಕಾದಾಡುವ ರೀತಿ ಬದಲಾಯಿತು. ಅದರೊಂದಿಗೆ, ಕೊಂದವರು ಯಾರು ಎಂಬ ಪ್ರಶ್ನೆಗೆ ಉತ್ತರ ಹೇಳುವುದೂ ಕಷ್ಟವಾಯಿತು.

1884ರಲ್ಲಿ ಹೈರಮ್ ಮ್ಯಾಕ್ಸಿಮ್ ರೂಪಿಸಿದ ಮೆಷಿನ್‌ಗನ್ ನಿಮಿಷಕ್ಕೆ ಸುಮಾರು 600 ಗುಂಡು ಹಾರಿಸುತ್ತಿತ್ತು. 1898ರ ಸೆಪ್ಟೆಂಬರ್ 2ರಂದು ಸುಡಾನಿನ ಓಮ್‌ಡುರ್ಮಾನ್‌ನಲ್ಲಿ ಕಿಚನರನ ಸೇನೆ ಅಂಥ ಬಂದೂಕುಗಳನ್ನೂ ಫಿರಂಗಿಗಳನ್ನೂ ಹೂಡಿ ನಿಂತಿತು. ಅವನ್ನು ಅಲ್ಲಿಗೆ ಸಾಗಿಸಲೆಂದೇ ಮರಳುಗಾಡಿನಲ್ಲಿ ರೈಲುಹಳಿ ಹಾಕಲಾಗಿತ್ತು. ಒಂದೇ ಬೆಳಗಿನಲ್ಲಿ ಸುಮಾರು 10,000 ಸುಡಾನಿಗಳು ಸತ್ತರು. ಕಿಚನರನ ಕಡೆ ಸತ್ತವರು 50ನ್ನೂ ದಾಟಲಿಲ್ಲ. ಲಂಡನ್ನಿನಲ್ಲಿ ಹಬ್ಬವಾಯಿತು. ಯಂತ್ರ ಒಂದೇ ಕಡೆ ಇದ್ದಾಗ ಅದು ಸಾಮ್ರಾಜ್ಯದ ಶೌರ್ಯವೆನಿಸಿತು.

ಹದಿನೆಂಟು ವರ್ಷಗಳಲ್ಲಿ ಅದೇ ಯಂತ್ರ ಎರಡೂ ಕಡೆ ಇತ್ತು. 1916ರ ಜುಲೈ 1ರಂದು ಫ್ರಾನ್ಸಿನ ಸೊಮ್ ಎಂಬಲ್ಲಿ, ಒಂದು ವಾರ ಕಾಲ ಸುಮಾರು 15 ಲಕ್ಷ ಶೆಲ್‌ಗಳನ್ನು ಸುರಿಸಿದ ಮೇಲೆ ಬ್ರಿಟಿಷ್ ಸೈನಿಕರು ಕಂದಕಗಳಿಂದ ಮೇಲೆದ್ದು ನಡೆದರು. ಜರ್ಮನ್ನರ ಮೆಷಿನ್‌ಗನ್‌ಗಳು ಇನ್ನೂ ಜೀವಂತವಾಗಿದ್ದವು. ಆ ಒಂದೇ ದಿನ 19,240 ಬ್ರಿಟಿಷ್ ಸೈನಿಕರು ಸತ್ತರು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 57,470. ಅವರು ಹೇಡಿಗಳಾಗಿರಲಿಲ್ಲ. ಅವರ ಧೈರ್ಯಕ್ಕೆ ಅಲ್ಲಿ ಬೆಲೆ ಇರಲಿಲ್ಲ, ಅಷ್ಟೆ.

1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಅಶ್ವದಳಗಳು ಹೈಫಾ ನಗರವನ್ನು ಗೆದ್ದದ್ದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಫಿರಂಗಿ, ಮೆಷಿನ್‌ಗನ್‌ಗಳಿಗೆ ಎದುರಾಗಿ ಈಟಿ ಹಿಡಿದು ನುಗ್ಗಿದ ಆ ಸವಾರರ ಕೆಚ್ಚು ದೊಡ್ಡದು. ಆದರೆ ಅದು ಹಳೆಯ ಯುಗದ ಕೊನೆಯ ಗೆಲುವುಗಳಲ್ಲಿ ಒಂದು. ಅದನ್ನೇ ನೋಡಿ ಯುದ್ಧವೆಂದರೆ ಹೀಗೆ ಎಂದು ಮಕ್ಕಳಿಗೆ ಹೇಳಿದರೆ ನಾವು ಅವರಿಗೆ ಸುಳ್ಳು ಹೇಳಿದಂತೆ.

ಹೊಸ ಯುದ್ಧದ ನಿಜವಾದ ಮುಖ ಕಾಣುವುದು ಪ್ರಯೋಗಾಲಯದಲ್ಲಿ. ಜರ್ಮನಿಯ ಫ್ರಿಟ್ಸ್ ಹೇಬರ್ 1909ರಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯ ತಯಾರಿಸಿ ತೋರಿಸಿದ. 1913ರಲ್ಲಿ ಓಪ್ಪಾವ್ ಎಂಬಲ್ಲಿ ಕಾರ್ಖಾನೆ ಎದ್ದಿತು. ಇಂದು ನಮ್ಮ ರೈತರು ಹೊಲಕ್ಕೆ ಹಾಕುವ ಯೂರಿಯಾದ ಮೂಲವೂ ಅದೇ ವಿಧಾನ. ಯುದ್ಧ ಬಂದಾಗ ಬ್ರಿಟಿಷ್ ನೌಕಾಪಡೆ ಚಿಲಿ ದೇಶದಿಂದ ಬರುತ್ತಿದ್ದ ನೈಟ್ರೇಟನ್ನು ತಡೆಯಿತು. ಆಗ ಅನ್ನಕ್ಕೆಂದು ಕಂಡುಹಿಡಿದ ಅಮೋನಿಯವೇ ಸಿಡಿಮದ್ದಿಗೆ ಒದಗಿತು. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಬಳಿ ಕ್ಲೋರಿನ್ ವಿಷಾನಿಲ ಬಿಡುವ ಏರ್ಪಾಟನ್ನು ಹೇಬರ್ ತಾನೇ ನಿಂತು ನೋಡಿಕೊಂಡ. ನಾಲ್ಕು ದಿನಗಳ ಬಳಿಕ ಅಲ್ಲಿ ದಾಳಿಗೆ ಇಳಿದ ಲಾಹೋರ್ ಡಿವಿಷನ್ನಿನ ಭಾರತೀಯ ಸೈನಿಕರೂ ಆ ವಿಷವನ್ನು ಉಸಿರಾಡಿದರು. ಅಮೋನಿಯಕ್ಕಾಗಿ ಅವನಿಗೆ 1918ರ ನೊಬೆಲ್ ಪ್ರಶಸ್ತಿ ಬಂದಿತು. ಅನ್ನ ಕೊಟ್ಟ ಕೈ, ವಿಷ ಕೊಟ್ಟ ಕೈ ಒಂದೇ.

ಇಷ್ಟಾದರೂ ಹೊಣೆ ಹೇಬರ್ ಒಬ್ಬನದೇ ಎನ್ನಲಾಗದು. ಸಿಲಿಂಡರ್ ತುಂಬಿದ ಕೂಲಿಯವನು, ಸಾಗಿಸಿದ ರೈಲಿನವನು, ಆದೇಶ ಕೊಟ್ಟ ಅಧಿಕಾರಿ, ಲಾಭ ಎಣಿಸಿದ ಮಾಲೀಕ, ಸಾಲಪತ್ರ ಕೊಂಡ ನಾಗರಿಕ, ಎಲ್ಲರದೂ ಅದರಲ್ಲಿ ಪಾಲಿತ್ತು. ಬ್ರಿಟನ್ನಿನಲ್ಲಿ ಶೆಲ್ ತುಂಬುತ್ತಿದ್ದ ಹೆಣ್ಣುಮಕ್ಕಳ ಚರ್ಮವೇ ಟಿಎನ್‌ಟಿಯಿಂದ ಹಳದಿಯಾಗಿತ್ತು. ಕೊಲೆ ಸಾವಿರ ಕೆಲಸಗಳಾಗಿ ಒಡೆದು ಹಂಚಿಹೋಯಿತು. ಪ್ರತಿಯೊಬ್ಬರೂ ತಮ್ಮ ಪಾಲಿನದು ಬರಿಯ ಕೆಲಸವೆಂದೇ ತಿಳಿದರು. ಆದರೆ ಹಂಚಿಕೊಂಡ ಮಾತ್ರಕ್ಕೆ ಹೊಣೆ ಕರಗುವುದಿಲ್ಲ.

ದೇಶ ಕಾಯುವವರು ಬೇಡವೆಂದು ನಾವು ಹೇಳುತ್ತಿಲ್ಲ. ಗಡಿಯಲ್ಲಿ ನಿಂತ ಸೈನಿಕನಿಗೆ ಒಳ್ಳೆಯ ಆಯುಧ ಬೇಕು ಎಂಬ ಮಾತಿನಲ್ಲಿ ನ್ಯಾಯವಿದೆ. ನಮ್ಮ ಪ್ರಶ್ನೆ ಬೇರೆ. ಮಠಗಳು ನಡೆಸುವ ಎಂಜಿನಿಯರಿಂಗ್ ಕಾಲೇಜುಗಳಿಂದ ಪ್ರತಿವರ್ಷ ಹೊರಬರುವ ನಮ್ಮ ಮಕ್ಕಳಲ್ಲಿ ಕೆಲವರಾದರೂ ನಾಳೆ ಡ್ರೋನ್, ಕ್ಷಿಪಣಿ, ಗುರಿ ಹುಡುಕುವ ಸಾಫ್ಟ್‌ವೇರ್ ಮಾಡುವ ಮೇಜುಗಳ ಮುಂದೆ ಕೂರುತ್ತಾರೆ. ತಾವು ಬರೆಯುವುದು ಎಲ್ಲಿ ಹೋಗಿ ಬೀಳುತ್ತದೆ ಎಂದು ಕೇಳುವ ಅಭ್ಯಾಸವನ್ನು ನಾವು ಅವರಿಗೆ ಕಲಿಸಿದ್ದೇವೆಯೇ?

ಕಾಯಕವೆಂದರೆ ಕೈಗೆ ಬಂದ ಕೆಲಸವನ್ನು ಕಣ್ಣುಮುಚ್ಚಿ ಮಾಡುವುದಲ್ಲ ಎಂದು ವೇದಿಕೆಗಳಲ್ಲಿ ಹೇಳುತ್ತಲೇ ಬಂದಿದ್ದೇವೆ. ಆ ಮಾತು ತರಗತಿಗೂ ಹೋಗಲಿ. ಅಮೋನಿಯದ ಸಮೀಕರಣ ಕಲಿಸುವ ದಿನ ಈಪ್ರ್‌ನ ಕಥೆಯನ್ನೂ ಅಧ್ಯಾಪಕರು ಹೇಳಲಿ. ಅದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ, ಹಣವೂ ಬೇಕಿಲ್ಲ. ಬರುವ ಶೈಕ್ಷಣಿಕ ವರ್ಷದಿಂದಲೇ ನಮ್ಮ ಸಂಸ್ಥೆಗಳು ಇದನ್ನು ಆರಂಭಿಸಬೇಕು.