ಖಾಲಿ ಕೆರೆ ಎಂಬ ಸುಳ್ಳು

ಬೇಸಿಗೆಯಲ್ಲಿ ನೀರು ಬತ್ತಿದ ಕೆರೆಯನ್ನು ನಾವು 'ಖಾಲಿ' ಎನ್ನುತ್ತೇವೆ. ಚಿಕ್ಕಬಳ್ಳಾಪುರದ ಬಯಲಿನಲ್ಲಿ ಈ ಒಂದು ಮಾತು ಪ್ರತಿವರ್ಷ ಎಷ್ಟೋ ಮೊಟ್ಟೆಗಳನ್ನು ನುಂಗುತ್ತಿದೆ.

ವಾರಾಂತ್ಯ ಬಂತೆಂದರೆ ಬೆಂಗಳೂರಿನವರು ಮೋಡ ನೋಡಲು ಕಳವಾರಕ್ಕೆ ಬಂದು ಸ್ಕಂದಗಿರಿ ಹತ್ತುತ್ತಾರೆ. ಹಕ್ಕಿ ನೋಡುವವರು ಕ್ಯಾಮೆರಾ ಹೊತ್ತು ನಂದಿಬೆಟ್ಟಕ್ಕೆ ಹೋಗುತ್ತಾರೆ. ನಡುವಿನ ಬಯಲು ಇಬ್ಬರಿಗೂ ಬರೀ ದಾರಿ. ಬೇಸಿಗೆ ಶುರುವಾಗಿ ವಲಸೆ ಹಕ್ಕಿಗಳು ಹೊರಟವೆಂದರೆ 'ಸೀಸನ್ ಮುಗಿಯಿತು' ಎಂದು ಬೈನಾಕ್ಯುಲರ್ ಪೆಟ್ಟಿಗೆ ಸೇರುತ್ತದೆ. ನಿಜಕ್ಕೂ ಬಯಲಿನ ಹಕ್ಕಿಗಳ ಸಂಸಾರ ಶುರುವಾಗುವುದೇ ಆಗ. ಕಡಲಿಲ್ಲದ ಈ ಸೀಮೆಗೆ ಕೆರೆಯಂಗಳವೇ ತೀರ. ಟಿಟ್ಟಿಭ, ಹಳದಿ ಟಿಟ್ಟಿಭ, ನೆಲಗುಬ್ಬಿಗಳಿಗೆ ಅದೂ ಅದರಾಚೆಯ ಬೀಳು ಹೊಲವೂ ಬಾಣಂತಿ ಕೋಣೆ.

ಟಿಟ್ಟಿಭ ಮರದಲ್ಲಿ ಗೂಡು ಕಟ್ಟುವುದಿಲ್ಲ. ನೆಲದಲ್ಲೇ ಗುಳಿ ಮಾಡಿ, ಸುತ್ತ ಸಣ್ಣ ಕಲ್ಲು ಹರಡಿ, ಸಾಮಾನ್ಯವಾಗಿ 4 ಮೊಟ್ಟೆ ಇಡುತ್ತದೆ. ಉರಿಬಿಸಿಲಲ್ಲಿ ಎದೆಯ ಗರಿಗಳನ್ನು ನೀರಲ್ಲಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ಸುಮಾರು 28 ದಿನ ಈ ಕಾವಲು. ಅದೇ ತಿಂಗಳಲ್ಲಿ ಹೂಳೆತ್ತಲು ಜೆಸಿಬಿ ಇಳಿಯುತ್ತದೆ, ಇಟ್ಟಿಗೆ ಗೂಡಿಗೆ ಮಣ್ಣು ಹೊರಲು ಟಿಪ್ಪರ್ ಸಾಲುಗಟ್ಟುತ್ತವೆ.

ಹಾಗಾದರೆ ಹೂಳೆತ್ತುವುದೇ ಬೇಡವೇ? ಖಂಡಿತ ಬೇಕು. ಉತ್ತರ ಪಿನಾಕಿನಿ ಹುಟ್ಟುವ ಸೀಮೆಯಾದರೂ ವರ್ಷವಿಡೀ ಹರಿಯುವ ಹೊಳೆ ಇಲ್ಲಿಲ್ಲ. ಕೆರೆ ತುಂಬಿದರೇ ಬೋರ್‌ವೆಲ್ಲಿಗೆ ಉಸಿರು, ಕೆರೆಗೋಡು ಬಿದ್ದರೇ ಹೊಲಕ್ಕೆ ಕಸುವು. ರೈತನಿಗೂ ಹಕ್ಕಿಗೂ ಜಗಳ ಹಚ್ಚುವುದು ನನ್ನ ಉದ್ದೇಶವಲ್ಲ. ಕೇಳುತ್ತಿರುವುದು ಇಷ್ಟೇ: ಯಂತ್ರ ಇಳಿಯುವ ಮುನ್ನ ಒಂದು ಬೆಳಿಗ್ಗೆ ಅಂಗಳ ನೋಡಿ, ಮೊಟ್ಟೆಯಿರುವ ಮೂಲೆಯನ್ನು ಒಂದು ತಿಂಗಳು ಬಿಟ್ಟು ಮಿಕ್ಕ ಕಡೆ ಅಗೆಯಿರಿ. ಮೊಟ್ಟೆಯೊಡೆದ ಸ್ವಲ್ಪ ಹೊತ್ತಿಗೇ ಮರಿ ಎದ್ದು ನಡೆಯುತ್ತದೆ; ಆಮೇಲೆ ಆ ಮೂಲೆಯೂ ನಿಮ್ಮದೇ.

ಇದು ದಯೆಯ ಮಾತಷ್ಟೇ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದೂ ಗೂಡನ್ನು ಕದಡುವುದೂ 'ಬೇಟೆ'ಯೇ.

ಜೆಸಿಬಿ ಚಾಲಕನನ್ನು ದೂರುವುದು ಸುಲಭ. ಮಣ್ಣಿನ ಬಣ್ಣದ ಆ ಮೊಟ್ಟೆ ಸೀಟಿನ ಮೇಲಿಂದ ಅವನಿಗೆ ಕಾಣುವುದಿಲ್ಲ. ಕಾಣಬೇಕಾದದ್ದು ಹಕ್ಕಿ ನೋಡುವುದನ್ನೇ ಹವ್ಯಾಸ ಮಾಡಿಕೊಂಡವರಿಗೆ. ಅಪರೂಪದ ಹಕ್ಕಿಯ ಬೆನ್ನು ಹತ್ತಿ ಬೆಟ್ಟ ಏರುವ ನಾವು, ಊರ ಹಕ್ಕಿಯನ್ನು 'ಸಾಮಾನ್ಯ' ಎಂದು ಬರೆದು ಮುಂದೆ ಹೋಗುತ್ತೇವೆ. ಸಾಮಾನ್ಯವಾದದ್ದು ಅಳಿಯುವಾಗ ಲೆಕ್ಕ ಇಡುವವರೇ ಇರುವುದಿಲ್ಲ.

ಪಂಚತಂತ್ರದಲ್ಲಿ ಸಮುದ್ರ ಟಿಟ್ಟಿಭದ ಮೊಟ್ಟೆ ಕದ್ದಾಗ ಉಳಿದ ಹಕ್ಕಿಗಳೆಲ್ಲ ಒಟ್ಟಾಗಿ ಗರುಡನ ಬಳಿಗೆ ದೂರು ಒಯ್ದವು; ಸಮುದ್ರ ಮೊಟ್ಟೆ ಮರಳಿಸಿತು. ನಾವು ವಿಷ್ಣುವಿನ ತನಕ ಹೋಗಬೇಕಿಲ್ಲ. ಮಾರ್ಚ್ ತಿಂಗಳಲ್ಲೇ ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಕೊಟ್ಟು, ಗೂಡಿನಿಂದ ದೂರವೇ ನಿಂತು ಜಾಗ ಗುರುತಿಸಿಕೊಟ್ಟರೆ ಸಾಕು.